ಝೂಗೆ ಬಂದರೆ ಒಂದೇ ಪ್ರಾಣಿ ಮುಂದೆ ಸ್ವಲ್ಪ ಹೊತ್ತು ನಿಲ್ಲಿ

ಬಳ್ಳಾರಿ, ಕೊಪ್ಪಳ, ಗಂಗಾವತಿ ಕಡೆಯಿಂದ ಹಂಪಿ ನೋಡಲು ಬಂದವರು ಈಗ ಕಮಲಾಪುರದ ನಮ್ಮ ಝೂಗೂ ಬರುತ್ತಾರೆ. ಬಂದವರು ಪ್ರಾಣಿ ನೋಡಿಕೊಳ್ಳುವ ನಮ್ಮಂಥ ಕೀಪರ್‌ಗಳನ್ನು ಕೇಳುವುದು ಒಂದೇ. "ಅಣ್ಣಾ, ಹುಲಿ ಯಾಕ ಮಲಗೇತಿ? ಒಂಚೂರು ಎಬ್ಬಿಸ್ರಿ."

ಹುಲಿ ದಿನದ ಹೆಚ್ಚು ಹೊತ್ತು ಮಲಗಿಯೇ ಇರುತ್ತದೆ, ಕಾಡಿನಲ್ಲೂ ಅಷ್ಟೇ. ಅದು ಓಡಾಡುವುದು ತಂಪು ಹೊತ್ತಿನಲ್ಲಿ. ಏಪ್ರಿಲ್-ಮೇನಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ, ಅಂಥ ಮಧ್ಯಾಹ್ನ ಬಂದು ಕೂಗಿದರೆ ಅದು ಏಳುತ್ತಾ? ಬೆಳಿಗ್ಗೆ ಗೇಟು ತೆಗೆದ ಕೂಡಲೇ ಬನ್ನಿ. ದಯವಿಟ್ಟು ಕಲ್ಲು ಮಾತ್ರ ಎಸೆಯಬೇಡಿ.

ನಮ್ಮ ಕೆಲಸ ಅಂದರೆ ಮಾಂಸ ಹಾಕುವುದು ಅಂತ ಜನ ಅಂದುಕೊಂಡಿದ್ದಾರೆ. ಅದಕ್ಕಿಂತ ಜಾಸ್ತಿ ನೋಡುವ ಕೆಲಸವೇ ಇದು. ರಾತ್ರಿ ಹಾಕಿದ್ದು ಪೂರ್ತಿ ತಿಂದಿದೆಯಾ, ಮಲ ಗಟ್ಟಿ ಇದೆಯಾ ತೆಳು ಇದೆಯಾ, ನಡೆಯುವಾಗ ಕಾಲು ಎಳೆಯುತ್ತಿದೆಯಾ, ಇದೆಲ್ಲ ನೋಡಿ ಆಮೇಲೆ ಪ್ರಾಣಿಯನ್ನು ಬಾಗಿಲಿನ ಆಚೆ ಕಡೆ ಬಿಟ್ಟು, ಬಾಗಿಲಿನ ಚಿಲಕ, ಬೀಗ ಎರಡೆರಡು ಸಲ ಮುಟ್ಟಿ ನೋಡಿಯೇ ಒಳಗೆ ಕಾಲಿಡಬೇಕು. ಅವಸರ ಇಲ್ಲಿ ನಡೆಯುವುದಿಲ್ಲ.

ನನಗೆ ತುಂಬ ಇಷ್ಟ ಕರಡಿ. ಹತ್ತಿರದ ದರೋಜಿಯಲ್ಲಿ 1994ರಲ್ಲಿ ಕರಡಿಗಳಿಗಾಗಿಯೇ ಅಭಯಾರಣ್ಯ ಆಯಿತು, ಅಂದರೆ ಅದು ನಮ್ಮ ಕಲ್ಲುಗುಡ್ಡದ್ದೇ ಪ್ರಾಣಿ. ಆದರೆ ಅದರ ಬಾಯಿ ಎಷ್ಟು ಜನ ಸರಿಯಾಗಿ ನೋಡಿದ್ದಾರೆ? ಮೇಲಿನ ದವಡೆಯಲ್ಲಿ ಮುಂದಿನ ಎರಡು ಹಲ್ಲು ಇರುವುದಿಲ್ಲ. ಹುತ್ತ ಕೆದರಿ, ಮೂಗಿನ ಹೊಳ್ಳೆ ಮುಚ್ಚಿಕೊಂಡು, ತುಟಿ ಉದ್ದ ಮಾಡಿ, ಆ ಸಂದಿಯಿಂದ ಗೆದ್ದಲನ್ನು ಜೋರಾಗಿ ಹೀರುತ್ತದೆ. ಝೂನಲ್ಲಿ ಕರಡಿಗೆ ಮರದ ದಿಮ್ಮಿಯ ತೂತಿನಲ್ಲಿ ಜೇನು ಸವರಿ ಇಟ್ಟರೆ ಅದೇ ಆಟ ಶುರು, ಆ ಸದ್ದು ದೂರಕ್ಕೂ ಕೇಳಿಸುತ್ತದೆ. ಸುಮ್ನೆ ನಿಂತರೆ ಮಾತ್ರ ಇದು ಸಿಗುವುದು. ಸೆಲ್ಫಿ ತೆಗೆದು ಮುಂದೆ ಓಡುವವರಿಗೆ ಕಪ್ಪು ಕೂದಲು ಅಷ್ಟೇ ಕಾಣುತ್ತದೆ.

ಮಕ್ಕಳಿದ್ದರೆ ಚುಕ್ಕೆ ಜಿಂಕೆ ಮತ್ತು ಕೃಷ್ಣಮೃಗ ಎರಡನ್ನೂ ತೋರಿಸಿ. ಚುಕ್ಕೆ ಜಿಂಕೆಯ ಗಂಡಿಗೆ ಕವಲೊಡೆದ ಕೊಂಬು, ಉದುರಿ ಮತ್ತೆ ಬರುತ್ತದೆ. ಕೃಷ್ಣಮೃಗದ ಸುರುಳಿ ಕೊಂಬು ಉದುರುವುದೇ ಇಲ್ಲ.

ಕುರ್ಕುರೆ, ಬಿಸ್ಕತ್ತು ಎಸೆಯುವುದು 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ಕಾಯ್ದೆ ಬಿಡಿ, ಆ ಪ್ಲಾಸ್ಟಿಕ್ ಕವರನ್ನು ಜಿಂಕೆ ನುಂಗಿದರೆ ಅದು ಹೊಟ್ಟೆಯಲ್ಲೇ ಕೂರುತ್ತದೆ. ಜಿಂಕೆ ಮೇವು ಬಿಡುತ್ತದೆ, ಮೆಲುಕು ಹಾಕುವುದು ನಿಲ್ಲಿಸುತ್ತದೆ. ಅದನ್ನು ನೋಡುತ್ತಾ ನಿಲ್ಲುವುದು ತುಂಬ ಕಷ್ಟ ರೀ.

ಬೆಳಗಿನ ಕ್ಲೀನಿಂಗ್ ಮುಗಿದ ಮೇಲೆ ನಾವು ಅಲ್ಲೇ ಹತ್ತಿರ ಇರುತ್ತೇವೆ. ಈ ಪ್ರಾಣಿ ಇವತ್ತು ಹೇಗಿದೆ, ಏನು ತಿಂತು ಅಂತ ಕೇಳಿ, ಖುಷಿಯಿಂದ ಹೇಳುತ್ತೇವೆ.