ಮಲ್ಪೆ ಬೋಟಿನ ಗೇಮ್: ಮಳೆಗಾಲದ ರಜೆ ಸೇರಿಸಿಯಾಯ್ತು

ನಾನು ಮಾಡುತ್ತಿರುವ ಮೀನುಗಾರಿಕೆಯ ಸ್ಟ್ರಾಟಜಿ ಗೇಮ್‌ಗೆ ಕೊನೆಗೂ ಮಳೆಗಾಲ ಬಂತು. ಇಲ್ಲಿಯವರೆಗೆ ಆಟ ಆಗಸ್ಟ್‌ನಲ್ಲಿ ಶುರುವಾಗಿ ಮೇ ಕೊನೆಗೆ ಮುಗಿಯುತ್ತಿತ್ತು. ಈಗ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧವನ್ನೂ ಆಡಬೇಕು. ಇಡೀ ಪ್ರಾಜೆಕ್ಟ್ ಶುರು ಮಾಡಿದ್ದೇ ಈ ಭಾಗಕ್ಕಾಗಿ.

ಹೊಸದಾಗಿ ಓದುವವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ನಿಮ್ಮ ಹತ್ತಿರ ಒಂದು ಆಳಸಮುದ್ರ ಬೋಟು ಇದೆ. ಡೀಸೆಲ್ ಎಷ್ಟು, ಐಸ್ ಎಷ್ಟು ಅಂತ ಉಡುಪಿ ಹತ್ತಿರದ ಮಲ್ಪೆ ಬಂದರಿನ ದಕ್ಕೆ ಬಿಡುವ ಮೊದಲೇ ತೀರ್ಮಾನಿಸಬೇಕು. ದೂರ ಹೋದರೆ ದುಬಾರಿ ಅಂಜಲ್ ಮೀನು ಸಿಗಬಹುದು. ಆದರೆ ಅಷ್ಟರಲ್ಲಿ ಮೊದಲು ಹಿಡಿದ ಬಂಗುಡೆ ಮೆತ್ತಗಾಗಿ ಏಲಂನಲ್ಲಿ (ಹರಾಜಿನಲ್ಲಿ) ರೇಟು ಬೀಳುತ್ತದೆ. ಒಂದು ಸೀಸನ್‌ಗೆ 30 ಟರ್ನ್. ಈ ಲೆಕ್ಕ ನಾನು ಕಲಿತದ್ದು ಪಾಲಿಟೋಪಿಯಾದಿಂದ. ಸ್ವೀಡನ್‌ನ ಮಿಡ್ಜಿವಾನ್ ಅನ್ನುವ ಪುಟ್ಟ ಕಂಪನಿಯ ಆಟ ಅದು. ಅದರ ಪರ್ಫೆಕ್ಷನ್ ಮೋಡ್ 30 ಟರ್ನ್‌ಗೆ ಮುಗಿಯುತ್ತದೆ, ಹಾಗಾಗಿ ಒಂದೊಂದು ನಡೆಗೂ ಬೆಲೆ ಇರುತ್ತದೆ. ಉಡುಪಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗುವಷ್ಟರಲ್ಲಿ ಒಂದಾಟ ಆಡಿ ಮುಗಿಸಬಹುದು.

ಇನ್ನು ನಿಷೇಧ ಮುಗಿಯುವ ತನಕ ಕಾಯುವ ವಿಷಯ. ಮೊಬೈಲ್ ಸ್ಟ್ರಾಟಜಿ ಗೇಮ್ ಅಂದ ಕೂಡಲೇ ನೆನಪಾಗುವುದು ಕ್ಲಾಶ್ ಆಫ್ ಕ್ಲಾನ್ಸ್ ಅಲ್ವಾ? ಹೆಲ್ಸಿಂಕಿಯ ಸೂಪರ್‌ಸೆಲ್ ಅದನ್ನು 2012ರಲ್ಲಿ ತಂದಿತು. ಅಲ್ಲಿ ಕಟ್ಟಡ ಮೇಲ್ದರ್ಜೆಗೆ ಏರಲು ಗಂಟೆಗಟ್ಟಲೆ, ಮುಂದೆ ಹೋದಂತೆ ದಿನಗಟ್ಟಲೆ ಕಾಯಬೇಕು. ಜೆಮ್ಸ್ ಅನ್ನುವ ಆಟದೊಳಗಿನ ಹಣ ಖರ್ಚು ಮಾಡಿದರೆ ತಕ್ಷಣ ಮುಗಿಯುತ್ತದೆ. ಆ ಜೆಮ್ಸ್ ದುಡ್ಡಿಗೂ ಸಿಗುತ್ತದೆ. ಆಮೇಲೆ ಬಂದ ಎಷ್ಟೋ ಕಂಪನಿಗಳು ಈ ಪದ್ಧತಿಯನ್ನೇ ಹಿಡಿದವು. ಸೂಪರ್‌ಸೆಲ್ ಮೇಲೆ ನನಗೆ ತುಂಬಾ ಗೌರವ ಇದೆ. ಸಣ್ಣ ಸಣ್ಣ ತಂಡಗಳಿಗೆ ಸ್ವಾತಂತ್ರ್ಯ ಕೊಟ್ಟು, ಆಟ ಚೆನ್ನಾಗಿ ಬರಲಿಲ್ಲ ಅಂದರೆ ನಿಲ್ಲಿಸಿಬಿಡುವ ಧೈರ್ಯ ಅವರಿಗಿದೆ. ಸೈನ್ಯ ತಯಾರಿಸುವ ಖರ್ಚನ್ನು ಅವರು 2022ರಲ್ಲಿ ತೆಗೆದರು. 2025ರಲ್ಲಿ ಅದಕ್ಕೆ ಕಾಯುವುದನ್ನೂ ತೆಗೆದರು. ಕಟ್ಟಡಗಳ ಗಡಿಯಾರ ಮಾತ್ರ ಹಾಗೇ ಇದೆ.

ನನ್ನ ಗೇಮ್‌ನಲ್ಲಿ ಕಾಯುವುದನ್ನು ದುಡ್ಡು ಕೊಟ್ಟು ತಪ್ಪಿಸಲು ಆಗುವುದಿಲ್ಲ. ಮಳೆಗಾಲದಲ್ಲಿ ಬೂತಾಯಿಯಂಥ ಮೀನು ಮೊಟ್ಟೆ ಇಡುತ್ತದೆ, ಅದಕ್ಕೇ ಬೋಟುಗಳಿಗೆ ರಜೆ. ಹಾಗಾಗಿ ಆ ಎರಡು ತಿಂಗಳಲ್ಲಿ ಮ್ಯಾಪ್‌ನ ಪ್ರತಿ ಚೌಕದಲ್ಲೂ ಮೀನು ಹೆಚ್ಚುತ್ತದೆ. ಮೇ ತಿಂಗಳಲ್ಲಿ ಸಣ್ಣ ಮೀನನ್ನೂ ಬಿಡದೆ ಬಾಚಿದವರಿಗೆ ಹೆಚ್ಚುವುದು ಕಡಿಮೆ. ಅದರ ಫಲ ಆಗಸ್ಟ್‌ನಲ್ಲಿ ಗೊತ್ತಾಗುತ್ತದೆ.

ರಜೆ ಅಂದರೆ ಸುಮ್ನೆ ಕೂರುವುದಲ್ಲ. ಬಲೆ ರಿಪೇರಿ, ಎಂಜಿನ್ ಕೆಲಸ, ಬೋಟಿಗೆ ಪೇಂಟ್, ಊರಿಗೆ ಹೋದ ಕಲಾಸಿಗಳಿಗೆ (ಬೋಟಿನ ಕೆಲಸದವರಿಗೆ) ಮುಂಗಡ, ಹೀಗೆ ನಾಲ್ಕು ಕಡೆಯಿಂದ ಖರ್ಚು. ಕೈಯಲ್ಲಿ ಉಳಿದಿರುವ ಹಣ ಎಲ್ಲದಕ್ಕೂ ಸಾಲದಂತೆ ಇಟ್ಟಿದ್ದೇನೆ. ಮುಂಗಡ ಕೊಡದಿದ್ದರೆ ಒಳ್ಳೆ ಕಲಾಸಿ ಬೇರೆ ಬೋಟಿಗೆ ಹೋಗುತ್ತಾನೆ.

ನಾಡದೋಣಿಯನ್ನೂ ಸೇರಿಸಿದ್ದೇನೆ. 10 ಎಚ್‌ಪಿ ಒಳಗಿನ ಎಂಜಿನ್‌ನ ದೋಣಿಗಳಿಗೆ ನಿಷೇಧ ಇಲ್ಲ. ಆದರೆ ಕಡಲಿಗಿಳಿಯಲು ನಾಡದೋಣಿಯವರು ತೂಫಾನ್‌ಗೆ ಕಾಯುತ್ತಾರೆ. ಕಡಲು ಒಮ್ಮೆ ಚೆನ್ನಾಗಿ ಕದಡಿ ಶಾಂತವಾದರೆ ದಡದ ಹತ್ತಿರ ಮೀನು ಬರುತ್ತದೆ. ತೂಫಾನ್ ಯಾವ ಟರ್ನ್‌ನಲ್ಲಿ ಏಳುತ್ತದೆ ಅನ್ನುವುದು ಆಡುವವರಿಗೆ ತಿಳಿಯುವುದಿಲ್ಲ. ದೋಣಿಗೆ ಹಣ ಹಾಕಿ ಕಾಯುವುದೋ, ಬೋಟಿನ ಎಂಜಿನ್‌ಗೆ ಹಾಕುವುದೋ? ಆಟದಲ್ಲಿ ನನಗೆ ಅತಿ ಇಷ್ಟವಾದ ಪ್ರಶ್ನೆ ಇದು.

ಪರಿಚಯದ ತಂಡೇಲರೊಬ್ಬರು (ಬೋಟು ನಡೆಸುವವರು) ಫೋನ್ ಹಿಡಿದು ಆಡಿ ನೋಡಿದರು. ಮೀನು ತುಂಬಲು ಸ್ಟೋರೇಜಿನ ಮುಚ್ಚಳ ತೆಗೆದಾಗಲೆಲ್ಲ ಐಸ್ ಜಾಸ್ತಿ ಕರಗುತ್ತದೆ ಅಂದರು. ಅವತ್ತೇ ಅದನ್ನು ಸೇರಿಸಿದೆ. ಪರಿಣಾಮ ದೊಡ್ಡದು. ಈಗ ಸಣ್ಣ ಸಣ್ಣ ಬಲೆ ಎಳೆಯುತ್ತಾ ಹೋಗುವುದಕ್ಕಿಂತ ಮೀನಿನ ಹಿಂಡು ಸಿಗುವ ತನಕ ತಾಳುವುದು ಲಾಭ.

ಗೇಮ್ ತಯಾರಿಸಲು ಬಳಸಿದ ಸಾಫ್ಟ್‌ವೇರ್, ಅಂದರೆ ಗೇಮ್ ಎಂಜಿನ್, ಗೋಡೋ 4. ಉಚಿತ, ಎಂಐಟಿ ಅನ್ನುವ ಮುಕ್ತ ಲೈಸೆನ್ಸ್. ಇನ್ನೊಂದು ದೊಡ್ಡ ಕಾರಣ ಕನ್ನಡ. ಗೋಡೋ 3ರಲ್ಲಿ ‘ಮಲ್ಪೆ’ ಅಂತ ಬರೆದರೆ ಪ ಒತ್ತು ಕೆಳಗೆ ಕೂರುತ್ತಿರಲಿಲ್ಲ, ಪಕ್ಕದಲ್ಲಿ ಬಿಡಿಯಾಗಿ ನಿಲ್ಲುತ್ತಿತ್ತು. 2023ರಲ್ಲಿ ಬಂದ 4ರಲ್ಲಿ ಅಕ್ಷರಗಳನ್ನು ಸರಿಯಾಗಿ ಜೋಡಿಸುವ ಹಾರ್ಫ್‌ಬಜ್ ಇರುವುದರಿಂದ ಒತ್ತು, ಅರ್ಕಾವತ್ತು ಎಲ್ಲವೂ ತಮ್ಮ ಜಾಗದಲ್ಲೇ ಬರುತ್ತವೆ. ಬಟನ್‌ಗಳಿಗೆ ‘ಬಲೂ ತಮ್ಮ’ ಅನ್ನುವ ಕನ್ನಡ ಫಾಂಟ್ ಹಾಕಿದ್ದೇನೆ. ಚಿಕ್ಕ ಸ್ಕ್ರೀನ್‌ನಲ್ಲೂ ಚೆಂದ ಕಾಣುತ್ತದೆ.

ಮುಂದಿನ ಕೆಲಸ ಏಲಂ. ಬೋಟುಗಳು ಒಟ್ಟಿಗೆ ಬಂದರೆ ರೇಟು ಇಳಿಯಬೇಕು, ಮೊದಲು ಬಂದವರಿಗೆ ಲಾಭ ಆಗಬೇಕು. ಅದಾದ ಮೇಲೆ ಪ್ಲೇ ಸ್ಟೋರ್. 25 ಡಾಲರ್ ಕಟ್ಟಬೇಕು. ಹೊಸ ವೈಯಕ್ತಿಕ ಖಾತೆಯಾದ್ದರಿಂದ 12 ಜನ 14 ದಿನ ಬಿಡದೆ ಟೆಸ್ಟಿಂಗ್‌ನಲ್ಲಿ ಇರಬೇಕು. ಆಂಡ್ರಾಯ್ಡ್ ಫೋನ್ ಇರುವ, ಮೀನಿನ ರೇಟು ಗೊತ್ತಿರುವ ಕರಾವಳಿಯವರು ಸೇರಿದರೆ ತುಂಬಾ ಉಪಕಾರ.