ತೋಟದ ಮನೆಗೆ ಸ್ಯಾಟಲೈಟ್ ಇಂಟರ್ನೆಟ್ ಹಾಕಿಸಬಹುದಾ?

ನಮ್ಮ ಮನೆ ಹೊಸದುರ್ಗದಿಂದ ಆಚೆ, ತೆಂಗಿನ ತೋಟದ ನಡುವೆ ಇದೆ. ಲ್ಯಾಂಡ್‌ಲೈನ್ ಕಂಬ ಬಿದ್ದು ವರ್ಷಗಳಾದವು. ಫೈಬರ್ ಊರೊಳಗೆ ಬಂದು ನಿಂತಿದೆ. ಆದರೂ ನಾನು ಮನೆಯಿಂದಲೇ ಕೆಲಸ ಮಾಡುವುದನ್ನು ನೋಡಿ ಎಲ್ಲರೂ ಕೇಳುವುದು ಒಂದೇ: "ನಮ್ಮ ತೋಟದ ಮನೆಗೂ ಸ್ಯಾಟಲೈಟ್ ಹಾಕಿಸಬಹುದಾ? ಟಿವಿ ಛತ್ರಿ ಹೇಗೂ ಇದೆ, ಅದರಲ್ಲೇ ಬರಲ್ವಾ?"

ಆ ಛತ್ರಿಯಲ್ಲಿ ಬರಲ್ಲ. ಅದಕ್ಕೆ ಕಿವಿ ಇದೆ, ಬಾಯಿ ಇಲ್ಲ. ಇಂಟರ್ನೆಟ್‌ಗೆ ಮೇಲಕ್ಕೂ ಕಳಿಸುವ ಡಿಶ್ ಬೇಕು.

ಅದರಲ್ಲಿ ಎರಡು ಜಾತಿ. ಹಳೆಯದು 35,786 ಕಿ.ಮೀ. ಎತ್ತರದ ಉಪಗ್ರಹದ್ದು. ಹಾಸನದಲ್ಲಿ ಕೂತು ಇಸ್ರೋದವರು ನೋಡಿಕೊಳ್ಳುವ ಜಿಸ್ಯಾಟ್‌ಗಳು ಇಂಥವೇ. ಜಿಸ್ಯಾಟ್-11, ಜಿಸ್ಯಾಟ್-29 ಬಳಸಿ 2022ರಲ್ಲಿ ದೇಶದಲ್ಲಿ ಒಂದು ಸ್ಯಾಟಲೈಟ್ ಬ್ರಾಡ್‌ಬ್ಯಾಂಡ್ ಸೇವೆ ಶುರುವಾಯಿತು. ನಾವು ಕೇಳಿದ್ದು ಮೇಲೆ ಹೋಗಿ ಕಂಪನಿಯ ಕೇಂದ್ರಕ್ಕೆ ಇಳಿಯಬೇಕು, ಉತ್ತರ ಮತ್ತೆ ಮೇಲೆ ಹತ್ತಿ ನಮ್ಮ ಮನೆಗೆ ಇಳಿಯಬೇಕು. ಬೆಳಕಿನ ವೇಗದಲ್ಲೂ ಅರ್ಧ ಸೆಕೆಂಡ್ ಹತ್ತಿರ ಆಗುತ್ತದೆ. ಸಿನಿಮಾ ನೋಡಲು ತೊಂದರೆ ಇಲ್ಲ. ಮೀಟಿಂಗ್‌ನಲ್ಲಿ ಮಾತ್ರ "ನೀವು ಹೇಳಿ", "ಇಲ್ಲ, ನೀವೇ ಹೇಳಿ" ಅನ್ನುವುದರಲ್ಲೇ ಹೊತ್ತು ಹೋಗುತ್ತದೆ.

ಇನ್ನೊಂದು ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿಯ ಸ್ಟಾರ್‌ಲಿಂಕ್ ಥರದ್ದು. ಸುಮಾರು 550 ಕಿ.ಮೀ. ಎತ್ತರ ಅಷ್ಟೇ, ಹಾಗಾಗಿ ತಡ ಗೊತ್ತಾಗುವುದಿಲ್ಲ. 2025ರ ಜೂನ್‌ನಲ್ಲಿ ಸ್ಟಾರ್‌ಲಿಂಕ್‌ಗೆ ನಮ್ಮ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಸಿಕ್ಕಿತು. ನಿಮ್ಮ ಜಾಗಕ್ಕೆ ಕೊಡುತ್ತಾರಾ ಅಂತ ಕಂಪನಿಯ ಸೈಟ್‌ನಲ್ಲೇ ನೋಡಿ. ಏಜೆಂಟ್ ಅಂತ ಬಂದವರಿಗೆಲ್ಲ ಅಡ್ವಾನ್ಸ್ ಕೊಡಬೇಡಿ.

ಆದರೆ ಈ ಉಪಗ್ರಹಗಳು ಒಂದು ಕಡೆ ನಿಲ್ಲಲ್ಲ, ಓಡುತ್ತಲೇ ಇರುತ್ತವೆ. ಟಿವಿ ಛತ್ರಿ ಗರಿಗಳ ಸಂದಿಯಲ್ಲಿ ಇಣುಕಿದರೂ ಸಾಕು, ಇದಕ್ಕೆ ಅಗಲವಾದ ಆಕಾಶ ಬೇಕು. ಚಳ್ಳಕೆರೆ ಕಡೆಯ ಬಯಲಿನವರಿಗೆ ಅದು ಪುಕ್ಕಟೆ. ನಮ್ಮ ಕಡೆ ಏನು ಮಾಡೋದು? ಒಂದು ಡಿಶ್‌ಗೋಸ್ಕರ ಕಾಯಿ ಬಿಡುವ ಮರ ಕಡಿಯೋಕಾಗುತ್ತಾ?

ಕರೆಂಟಿನ ಕಥೆ ಬೇರೆ. ಎಷ್ಟೋ ತೋಟದ ಮನೆಗಳು ಪಂಪ್‌ಸೆಟ್ ಲೈನಿನಲ್ಲಿವೆ, ಕರೆಂಟ್ ದಿನವಿಡೀ ಇರಲ್ಲ. ಸ್ಟಾರ್‌ಲಿಂಕ್‌ನ ಮಾಮೂಲಿ ಡಿಶ್ 75ರಿಂದ 100 ವ್ಯಾಟ್ ಎಳೆಯುತ್ತದೆ, ಹಗಲೂ ರಾತ್ರಿ ಒಂದು ಫ್ಯಾನ್ ತಿರುಗಿದ ಹಾಗೆ. ಯುಪಿಎಸ್ ಇಲ್ಲದೆ ಆಗಲ್ಲ.

ಅಂದಹಾಗೆ, ನಮ್ಮ ಮನೆಯಲ್ಲಿರುವುದು ಸ್ಯಾಟಲೈಟ್ ಅಲ್ಲವೇ ಅಲ್ಲ! ಸಿಮ್ ಹಾಕುವ 4ಜಿ ರೌಟರ್. ಮನೆಯೊಳಗೆ ಸಿಗ್ನಲ್ ಒಂದೇ ಕಡ್ಡಿ ಬರುತ್ತಿತ್ತು. ನೀರಿನ ಟ್ಯಾಂಕ್ ಪಕ್ಕ ಜಿಐ ಪೈಪ್ ನಿಲ್ಲಿಸಿ, ಆಂಟೆನಾ ಕಟ್ಟಿ ಟವರ್ ಕಡೆ ತಿರುಗಿಸಿದೆ. ಮೊದಲು 20 ಮೀಟರ್ ಕೇಬಲ್ ಎಳೆದು ಕೆಟ್ಟೆ, ಸಿಗ್ನಲ್ ದಾರಿಯಲ್ಲೇ ಸೋರಿಹೋಯಿತು. ರೌಟರನ್ನೇ ಅಟ್ಟಕ್ಕೆ ಏರಿಸಿ ಕೇಬಲ್ ಗಿಡ್ಡ ಮಾಡಿದ ಮೇಲೆ ಸರಿಯಾಯಿತು. ಹೊರಗಿನ ಆಂಟೆನಾ ಸಿಕ್ಕಿಸಲು ಜಾಗ ಇರುವ ರೌಟರನ್ನೇ ಕೇಳಿ ತಗೊಳ್ಳಿ, ಎಲ್ಲದರಲ್ಲೂ ಇರಲ್ಲ.

ಅದಕ್ಕೂ ಮೊದಲು ಬೇರೆ ಬೇರೆ ಕಂಪನಿ ಸಿಮ್ ಇರುವ ಫೋನ್‌ಗಳನ್ನು ಹಿಡಿದು ಮಾಳಿಗೆ ಹತ್ತಿ. ಯಾವುದರಲ್ಲೂ ಒಂದು ಕಡ್ಡಿಯೂ ಬರಲಿಲ್ಲ ಅಂದರೆ ಡಿಶ್ ಕಂಪನಿಗೆ ಫೋನ್ ಮಾಡಿ. ಫೋನ್ ಮಾಡಲು ಮಾತ್ರ ಟಾರ್ ರಸ್ತೆವರೆಗೆ ನಡೆಯಬೇಕಾದೀತು.