ಅನುಭವಕ್ಕೆಷ್ಟು ತೂಕ, ವರ್ಚಸ್ಸಿಗೆಷ್ಟು?

ನಮ್ಮ ಬಳ್ಳಾರಿಯಲ್ಲಿ ಪಕ್ಷದ ಟಿಕೆಟ್ ಯಾರಿಗೆ ಎಂಬುದು ಬೆಂಗಳೂರಿನಲ್ಲೋ ದೆಹಲಿಯಲ್ಲೋ ತೀರ್ಮಾನವಾಗುತ್ತದೆ; ಮತದಾರರ ಕೆಲಸ ಆರಂಭವಾಗುವುದು ಅದರ ನಂತರವೇ. ನಾನು ನೆಲೆಸಿರುವ ಅಮೆರಿಕದ ಅಯೋವಾ ರಾಜ್ಯದಲ್ಲಿ ಟಿಕೆಟ್ ಹಂಚುವ ಹಂತದಲ್ಲೇ ಜನರ ಪಾಲಿರುತ್ತದೆ. 2008ರ ಜನವರಿ 3ರ ರಾತ್ರಿ, ಕೊರೆಯುವ ಚಳಿಯಲ್ಲಿ, ಶಾಲೆಯೊಂದರ ಸಭಾಂಗಣದಲ್ಲಿ ನಡೆದ ಡೆಮಾಕ್ರಟಿಕ್ ಪಕ್ಷದ ಕಾಕಸ್ ಸಭೆಯನ್ನು, ಎಂದರೆ ಅಧ್ಯಕ್ಷ ಪದವಿಗೆ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಊರಿನವರೇ ಸೇರಿ ಹೇಳುವ ಸಭೆಯನ್ನು, ನಾನು ಮತದ ಹಕ್ಕಿಲ್ಲದ ಪ್ರೇಕ್ಷಕನಾಗಿ ನೋಡಿದೆ. ಅಲ್ಲಿ ಗುಪ್ತ ಮತದಾನವಿರಲಿಲ್ಲ. ಹಿಲರಿ ಕ್ಲಿಂಟನ್ ಪರವಾದವರು ಒಂದು ಮೂಲೆಗೆ, ಬರಾಕ್ ಒಬಾಮಾ ಪರವಾದವರು ಇನ್ನೊಂದು ಮೂಲೆಗೆ, ನೆರೆಹೊರೆಯವರೆಲ್ಲ ನೋಡುತ್ತಿರುವಂತೆಯೇ ಹೋಗಿ ನಿಂತರು. ಸಾಮಾನ್ಯವಾಗಿ ಶೇ 15ರಷ್ಟಾದರೂ ಜನ ಕೂಡದ ಗುಂಪಿನವರು ಬೇರೆ ಗುಂಪನ್ನು ಸೇರಬೇಕಾಗುತ್ತಿತ್ತು; ಅವರನ್ನು ತಮ್ಮ ಕಡೆಗೆ ಸೆಳೆಯಲು ಉಳಿದವರು ವಾದಕ್ಕಿಳಿಯುತ್ತಿದ್ದರು. (2024ರಲ್ಲಿ ಡೆಮಾಕ್ರಟರು ಈ ಪದ್ಧತಿಯನ್ನು ಬಿಟ್ಟು ಅಂಚೆ ಮತಕ್ಕೆ ಹೊರಳಿದ್ದು ನನಗಂತೂ ನಷ್ಟವೆಂದೇ ಅನಿಸಿತು.)

ಆ ರಾತ್ರಿಯ ವಾದವೆಲ್ಲ ಅನುಭವ ಮುಖ್ಯವೋ ವರ್ಚಸ್ಸು ಮುಖ್ಯವೋ ಎಂಬ ಒಂದೇ ಪ್ರಶ್ನೆಯ ಸುತ್ತ ನಡೆಯಿತು. ರಾಜ್ಯದ ಫಲಿತಾಂಶದಲ್ಲಿ ಒಬಾಮಾ ಮೊದಲಿಗರಾದರು, ಕ್ಲಿಂಟನ್ ಮೂರನೆಯ ಸ್ಥಾನಕ್ಕೆ ಇಳಿದರು. ಮರುದಿನ ಬಳ್ಳಾರಿಯ ಕೌಲ್ ಬಜಾರಿನಿಂದ ಫೋನ್ ಮಾಡಿದ ನನ್ನ ಸೋದರಮಾವ, “ಅನುಭವ ಇದ್ದಾಕಿನ್ನ ಬಿಟ್ಟು ಮಾತಿನಮಲ್ಲನ್ನ ಹಿಡಿದ್ರಲ್ಲೋ ನಿಮ್ಮ ಊರಿನೋರು!” ಎಂದು ನಕ್ಕರು.

ಮಾವನ ಮಾತಿನಲ್ಲಿ ಅಧಿಕಾರದಲ್ಲಿ ಕಳೆದ ವರ್ಷಗಳೇ ಅನುಭವ ಎಂಬ ನಂಬಿಕೆಯಿತ್ತು. ಅಮೆರಿಕದ ಇತಿಹಾಸ ಅದನ್ನು ಒಪ್ಪುವುದಿಲ್ಲ. 1857ರಲ್ಲಿ ಅಧ್ಯಕ್ಷರಾದ ಜೇಮ್ಸ್ ಬುಕಾನನ್ ಅವರು ಸಂಸತ್ತಿನ ಎರಡೂ ಸದನಗಳಲ್ಲಿ ಕುಳಿತಿದ್ದವರು, ರಷ್ಯಾದಲ್ಲಿಯೂ ಬ್ರಿಟನ್ನಿನಲ್ಲಿಯೂ ರಾಜತಾಂತ್ರಿಕ ಪ್ರತಿನಿಧಿಯಾಗಿದ್ದವರು, ವಿದೇಶಾಂಗ ಸಚಿವರೂ ಆಗಿದ್ದವರು. ಇಷ್ಟೆಲ್ಲ ಇದ್ದೂ, ದಕ್ಷಿಣದ ರಾಜ್ಯಗಳು ಒಕ್ಕೂಟವನ್ನು ತೊರೆಯತೊಡಗಿದಾಗ, ಹಾಗೆ ತೊರೆಯುವುದು ಕಾನೂನಿಗೆ ವಿರುದ್ಧವಾದರೂ ತಡೆಯುವ ಅಧಿಕಾರ ತಮಗಿಲ್ಲವೆಂದು ಅವರು ಕೈಚೆಲ್ಲಿದರು. ಅವರ ನಂತರ ಬಂದ ಲಿಂಕನ್, ಕೆಳಮನೆಯಲ್ಲಿ ಒಂದೇ ಅವಧಿ ಪೂರೈಸಿದ್ದ ವಕೀಲ. ಟಿಕೆಟ್‌ಗಾಗಿ ತಮ್ಮೊಡನೆ ಸ್ಪರ್ಧಿಸಿದ್ದ ಸೀವರ್ಡ್, ಚೇಸ್, ಬೇಟ್ಸ್ ಅವರನ್ನೇ ಸಂಪುಟಕ್ಕೆ ಸೇರಿಸಿಕೊಂಡ ಆ ವಕೀಲರು ಒಕ್ಕೂಟವನ್ನು ಉಳಿಸಿದರು.

ಅನುಭವದ ಬೆಲೆಯೇನೆಂದು ತುಂಗಭದ್ರೆಯ ನೀರುಂಡವರಿಗೆ ಹೇಳಿಕೊಡಬೇಕಾಗಿಲ್ಲ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋದಾಗ, ರಭಸದಿಂದ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ನೀರು ತಡೆಯುವ ತಾತ್ಕಾಲಿಕ ಗೇಟು) ಇಳಿಸುವ ಕೆಲಸಕ್ಕೆ ಮುಂದಾಳಾದವರು ಗೇಟುಗಳ ಕೆಲಸದಲ್ಲೇ ಮುಪ್ಪಾದ ತಜ್ಞ ಕನ್ನಯ್ಯ ನಾಯ್ಡು. ಆದರೆ ಅವರ ಕೈಗೆ ಬಂದದ್ದು ಅವರು ಜೀವಮಾನವಿಡೀ ಮಾಡಿಕೊಂಡು ಬಂದಂಥದೇ ಕೆಲಸ. ಅಧ್ಯಕ್ಷ ಪದವಿಯನ್ನು ಹೋಲುವ ಇನ್ನೊಂದು ಹುದ್ದೆಯೇ ಇಲ್ಲದಿರುವುದರಿಂದ, ಅಭ್ಯರ್ಥಿ ಯಾವ ಯಾವ ಕುರ್ಚಿಯಲ್ಲಿ ಕುಳಿತಿದ್ದರು ಎನ್ನುವುದಕ್ಕಿಂತ ಅಲ್ಲಿ ಕುಳಿತಾಗ ಒದಗಿದ ಕಷ್ಟದ ಗಳಿಗೆಯಲ್ಲಿ ಏನು ಮಾಡಿದರು ಎನ್ನುವುದನ್ನು ನೋಡುವುದು ಲೇಸು.

ವರ್ಚಸ್ಸನ್ನು ಬರಿಯ ತೋರಿಕೆಯೆಂದು ತಳ್ಳಿಹಾಕುವವರನ್ನೂ ನಾನು ಒಪ್ಪಲಾರೆ. 1960ರ ಅಧ್ಯಕ್ಷ ಚುನಾವಣೆಯ ಟಿವಿ ಚರ್ಚೆಯ ಕಾರಣದಿಂದ ಕೆನಡಿ ಎಂದರೆ ವರ್ಚಸ್ಸು, ನಿಕ್ಸನ್ ಎಂದರೆ ಅನುಭವ ಎಂಬ ಚಿತ್ರ ನಿಂತುಬಿಟ್ಟಿದೆ. ವಾಸ್ತವದಲ್ಲಿ ಇಬ್ಬರೂ ಸಂಸತ್ತಿಗೆ ಕಾಲಿಟ್ಟದ್ದು 1947ರಲ್ಲೇ. ಕೆನಡಿಯವರ ಮುಖದ ಕಳೆಯಲ್ಲಿ ಅವರ ಹದಿನಾಲ್ಕು ವರ್ಷಗಳ ಅನುಭವ ಮರೆಯಾಯಿತು, ಅಷ್ಟೆ. ಅಧ್ಯಕ್ಷರಿಗೆ ಸಂಸತ್ತಿನ ಮೇಲೆ ಸವಾರಿ ಮಾಡುವ ಅಧಿಕಾರವಿಲ್ಲ, ಸದಸ್ಯರನ್ನೂ ಜನರನ್ನೂ ಒಪ್ಪಿಸಿಯೇ ಕೆಲಸ ತೆಗೆಯಬೇಕು. ಆ ಮಟ್ಟಿಗೆ ವರ್ಚಸ್ಸು ಹುದ್ದೆಗೆ ಬೇಕಾದ ಸಲಕರಣೆಯೇ ಹೌದು. ಆದರೆ ಅದರ ಬಲ ಎಲ್ಲಿಯವರೆಗೆ? ನಾಗರಿಕ ಹಕ್ಕುಗಳ ಮಸೂದೆಯನ್ನು 1963ರ ಜೂನ್‌ನಲ್ಲಿ ಟಿವಿಯ ಮೂಲಕ ದೇಶದ ಮುಂದಿಟ್ಟವರು ಕೆನಡಿ. ಅದನ್ನು 1964ರ ಜುಲೈನಲ್ಲಿ ಕಾಯ್ದೆಯಾಗಿಸಿದವರು, ಟಿವಿಯಲ್ಲಿ ಎಂದೂ ಮೋಡಿ ಮಾಡದ, ಆದರೆ ಮೇಲ್ಮನೆಯಾದ ಸೆನೆಟ್ಟಿನ ಪ್ರತಿಯೊಬ್ಬ ಸದಸ್ಯನ ನಾಡಿಮಿಡಿತ ಬಲ್ಲ, ಕೆನಡಿಯವರ ನಂತರ ಅಧ್ಯಕ್ಷರಾದ ಲಿಂಡನ್ ಜಾನ್ಸನ್. ಅದೇ ಜಾನ್ಸನ್ ವಿಯೆಟ್ನಾಮಿನ ಯುದ್ಧದಲ್ಲಿ ಹೂತುಹೋದರು ಎಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ನ್ಯಾಯ.

ಹಾಗಿದ್ದೂ ಒಂದನ್ನೇ ಆರಿಸಬೇಕೆಂದರೆ ನಾನು ಅನುಭವದ ಕಡೆಗೆ ವಾಲುತ್ತೇನೆ. ಅದಕ್ಕೆ ಕಾರಣ ಅಮೆರಿಕದ ವ್ಯವಸ್ಥೆಯಲ್ಲಿದೆ; ನಮ್ಮದರೊಡನೆ ಹೋಲಿಸಿದರೆ ಅದು ತಿಳಿಯುತ್ತದೆ. 1999ರ ಏಪ್ರಿಲ್‌ನಲ್ಲಿ ವಾಜಪೇಯಿ ಸರ್ಕಾರ ಲೋಕಸಭೆಯಲ್ಲಿ ಒಂದೇ ಮತದಿಂದ ಬಿದ್ದುಹೋಯಿತು. ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ನಮ್ಮ ಬಳ್ಳಾರಿಯ ಬೀದಿಗಳಿಗೆ ಬಂದದ್ದು ಅದರ ಫಲವಾಗಿಯೇ. ಮೊದಲ ಸಲ ಚುನಾವಣೆಗೆ ನಿಂತಿದ್ದ ಸೋನಿಯಾ ಗೆದ್ದರು. ಕೇಂದ್ರ ಸಚಿವೆಯೂ ದೆಹಲಿಯ ಮುಖ್ಯಮಂತ್ರಿಯೂ ಆಗಿದ್ದ, ಕನ್ನಡ ಕಲಿತು ಭಾಷಣ ಮಾಡಿದ ಸುಷ್ಮಾ ಸೋತರು. ಗೆದ್ದವರು ಅಮೇಠಿಯನ್ನು ಉಳಿಸಿಕೊಂಡು ನಮ್ಮನ್ನು ಬಿಟ್ಟುಕೊಟ್ಟಾಗ, ಮರುವರ್ಷವೇ ಉಪಚುನಾವಣೆ ನಡೆಯಿತು. ನಮ್ಮಲ್ಲಿ ಸರ್ಕಾರವನ್ನು ಅವಧಿಯ ನಡುವೆಯೇ ಇಳಿಸಬಹುದು. ಅಮೆರಿಕದಲ್ಲಿ ಅಧ್ಯಕ್ಷರಾಗಿ ಕೂತವರು ನಾಲ್ಕು ವರ್ಷ ಕೂತಂತೆಯೇ. 1868ರಲ್ಲಿ ಆಂಡ್ರ್ಯೂ ಜಾನ್ಸನ್, 1998ರಲ್ಲಿ ಬಿಲ್ ಕ್ಲಿಂಟನ್, 2019 ಮತ್ತು 2021ರಲ್ಲಿ ಟ್ರಂಪ್ ಮಹಾಭಿಯೋಗಕ್ಕೆ ಗುರಿಯಾದರೂ ಸೆನೆಟ್ ಯಾರನ್ನೂ ಪದಚ್ಯುತಗೊಳಿಸಲಿಲ್ಲ. 1974ರಲ್ಲಿ ನಿಕ್ಸನ್ ತಾವಾಗಿಯೇ ರಾಜೀನಾಮೆ ಕೊಟ್ಟರು.

ಇಳಿಸುವುದು ಇಷ್ಟು ಕಷ್ಟವಾಗಿರುವಾಗ ಏರಿಸುವ ಮೊದಲೇ ಪರೀಕ್ಷಿಸಬೇಕು, ಅದಕ್ಕೆ ಒಳ್ಳೆಯ ಅವಕಾಶ ಉಪಾಧ್ಯಕ್ಷರ ಆಯ್ಕೆ. ಮತದಾನಕ್ಕೆ ಮೊದಲೇ ಜನರ ಕಣ್ಣೆದುರಿಗೆ ಅಭ್ಯರ್ಥಿ ಕೈಗೊಳ್ಳುವ ದೊಡ್ಡ ನಿರ್ಧಾರ ಅದು. 2008ರ ಆಗಸ್ಟ್‌ನ ಕೊನೆಯಲ್ಲಿ ಒಬಾಮಾ ತಮಗಿದ್ದ ಕೊರತೆಯನ್ನು ಅರಿತವರಂತೆ, 1973ರಿಂದ ಸೆನೆಟ್‌ನಲ್ಲಿದ್ದ ಜೋ ಬೈಡನ್ ಅವರನ್ನು ಆರಿಸಿಕೊಂಡರು. ಅನುಭವವೇ ತಮ್ಮ ಬಂಡವಾಳವೆಂದು ಹೇಳುತ್ತ ಬಂದಿದ್ದ ಎದುರಾಳಿ, ರಿಪಬ್ಲಿಕನ್ ಪಕ್ಷದ ಜಾನ್ ಮೆಕೇನ್, ಅಲಾಸ್ಕಾ ರಾಜ್ಯದ ಚುನಾಯಿತ ಗವರ್ನರ್ ಆಗಿ ಎರಡು ವರ್ಷವೂ ತುಂಬದ ಸಾರಾ ಪೇಲಿನ್ ಅವರನ್ನು ಆರಿಸಿದರು; ಸಭೆಗಳಿಗೆ ಜನ ಕಿಕ್ಕಿರಿದರು. ಅಲ್ಲಿಯವರೆಗೆ ಮೆಕೇನ್ ಪರವಾಗಿದ್ದ ನಮ್ಮ ಪಕ್ಕದ ಮನೆಯ ನಿವೃತ್ತ ಶಿಕ್ಷಕರು, 72 ವರ್ಷದ ಅಭ್ಯರ್ಥಿ ಆರಿಸುವ ಉಪಾಧ್ಯಕ್ಷರನ್ನು ಮುಂದಿನ ಅಧ್ಯಕ್ಷರೆಂದೇ ತಿಳಿದು ತೂಗಬೇಕೆಂದು ಹೇಳಿ, ಆ ನವೆಂಬರ್‌ನಲ್ಲಿ ಒಬಾಮಾಗೆ ಮತ ಹಾಕಿದರು.